ಮೂರು ಕಣ್ಣಿನ ಚೆಂಡು, ನೋಯುವ ಹೆಬ್ಬೆರಳು

ಸುಲಿದ ತೆಂಗಿನಕಾಯಿಗೆ ಮೂರು ಕಣ್ಣು ಎಂಬುದನ್ನು ತುಮಕೂರು ಜಿಲ್ಲೆಯ ಗುಬ್ಬಿ ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರರಲ್ಲಿ ಎರಡು ಗಟ್ಟಿ, ಒಂದು ಮೆತ್ತಗೆ. ಮೊಳಕೆ ಹೊರಡುವುದು ಆ ಮೆತ್ತನೆಯ ಕಣ್ಣಿನಿಂದ. ಬೆಂಗಳೂರಿನ ಮಾಲುಗಳಲ್ಲಿ ಸಾಲಾಗಿ ಜೋಡಿಸಿಟ್ಟ ಬಣ್ಣಬಣ್ಣದ ಬೌಲಿಂಗ್ ಚೆಂಡುಗಳಿಗೂ ಮೂರೇ ಕಣ್ಣು, ಅಲ್ಲೂ ಮೂರರಲ್ಲಿ ಒಂದರದೇ ಕಾರುಬಾರು. ಅದು ಹೆಬ್ಬೆರಳಿನ ತೂತು. ಬೌಲಿಂಗ್ ಎಂದರೆ ನಮ್ಮ ಕಡೆ ಕ್ರಿಕೆಟ್ಟಿನ ಚಂದ್ರಶೇಖರ್, ಕುಂಬ್ಳೆ ನೆನಪಾಗುವುದು ಸಹಜ. ಇಲ್ಲಿ ಹೇಳುತ್ತಿರುವುದು ಆ ಬೌಲಿಂಗ್ ಅಲ್ಲ. ಮೂರು ಬೆರಳು ತೂರಿಸಿ ಎತ್ತಿದ ಭಾರದ ಚೆಂಡನ್ನು 60 ಅಡಿ ದೂರಕ್ಕೆ ಉರುಳಿಸಿ, ಅಲ್ಲಿ ನಿಲ್ಲಿಸಿದ ಹತ್ತು ಪಿನ್‌ಗಳನ್ನು ಕೆಡವುವ ಟೆನ್‌ಪಿನ್ ಬೌಲಿಂಗ್. ತುಮಕೂರಿನಿಂದ 70 ಕಿಲೋಮೀಟರ್ ಆಚೆಯ ರಾಜಧಾನಿಗೆ ಭಾನುವಾರ ಹೋಗಿಬರುವ ಕಾಲೇಜು ಹುಡುಗ ಹುಡುಗಿಯರಿಗೂ, ಕಚೇರಿಯ ಗೆಳೆಯರ ಗುಂಪಿಗೂ ಇದು ಈಗ ಹೊಸದಲ್ಲ. ಆಡಿ ಬಂದ ಮರುದಿನ ಹೆಬ್ಬೆರಳ ಬುಡ ಹಿಡಿದುಕೊಂಡು, ಉಂಗುರದ ಬೆರಳು ಮಡಚಲಾಗದೆ, ‘ನಮ್ಮ ಕೈಗೆ ಅಷ್ಟು ಕಸುವಿಲ್ಲ’ ಎಂದು ತೀರ್ಮಾನಿಸಿಬಿಡುವುದೂ ಹೊಸದಲ್ಲ. ಆ ತೀರ್ಮಾನ ತಪ್ಪು ಎಂಬುದೇ ಈ ಬರಹದ ವಾದ. ಆ ನೋವು ಬಹುಪಾಲು ಕೈಯ ಬಲಹೀನತೆಯದಲ್ಲ, ತೂತಿನ ಅಳತೆಯದು. ಬೇರೆ ಯಾರದೋ ಕೈಗೆ, ನಿಜವಾಗಿ ನೋಡಿದರೆ ಯಾರ ಕೈಗೂ ಅಲ್ಲದೆ, ಕೊರೆದ ತೂತಿಗೆ ನಮ್ಮ ಬೆರಳು ತೆರುವ ದಂಡ ಅದು.

ಬೆರಳಿನ ಮೇಲೆ ಬೀಳುವ ಭಾರ ಎಷ್ಟೆಂದು ಮೊದಲು ನೋಡೋಣ. ಆಟದ ನಿಯಮದಂತೆ ಚೆಂಡು 16 ಪೌಂಡ್, ಅಂದರೆ ಸುಮಾರು ಏಳೂಕಾಲು ಕಿಲೋ ಮೀರುವಂತಿಲ್ಲ. ತೂಕ ಎಷ್ಟೇ ಕಡಿಮೆಯಾದರೂ ಗಾತ್ರ ಮಾತ್ರ ಹೆಚ್ಚುಕಡಿಮೆ ಒಂದೇ, ಎಂಟೂವರೆ ಅಂಗುಲದ ಅಡ್ಡಳತೆ. ಸಾಮಾನ್ಯವಾಗಿ ದೊಡ್ಡವರು ಎತ್ತಿಕೊಳ್ಳುವ 12 ಪೌಂಡಿನ ಚೆಂಡು ಸುಮಾರು 5.4 ಕಿಲೋ, ಹತ್ತು ಸುಲಿದ ಕಾಯಿ ಒಟ್ಟಿಗೆ ಹಿಡಿದಷ್ಟು. ಹಿಡಿದು ಸುಮ್ಮನೆ ನಿಂತರೆ ಇಷ್ಟೇ. ಆದರೆ ಆಟದಲ್ಲಿ ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಕೈಯನ್ನು ಹಿಂದಕ್ಕೆ ಬೀಸಿ, ಮುಂದಕ್ಕೆ ತಂದು ಬಿಡುತ್ತಾರೆ. ಭುಜದ ಎತ್ತರದಿಂದ ತೂಗುಯ್ಯಾಲೆಯ ಹಾಗೆ ಕೆಳಗಿಳಿದು ಬರುವ ವಸ್ತು, ಅತಿ ತಗ್ಗಿನ ಜಾಗಕ್ಕೆ ಬಂದಾಗ ತನ್ನ ತೂಕದ ಮೂರರಷ್ಟು ಬಲದಿಂದ ಕೈಯನ್ನು ಎಳೆಯುತ್ತದೆ ಎಂಬುದು ಪಿಯುಸಿ ಭೌತವಿಜ್ಞಾನದ ಲೆಕ್ಕ. ಹಾಗಾದರೆ ಆ ಕ್ಷಣದಲ್ಲಿ ಕೈ ತಡೆಯುತ್ತಿರುವುದು 16 ಕಿಲೋ, ತುಂಬಿದ ಕೊಡದ ಭಾರ. ಕೊಡವನ್ನು ಸೊಂಟ, ತೋಳು, ಅಂಗೈ ಎಲ್ಲ ಸೇರಿ ಹೊರುತ್ತವೆ. ಇಲ್ಲಿ ಹೊರುವವರು ಮೂರೇ ಜನ: ಹೆಬ್ಬೆರಳು, ನಡುಬೆರಳು, ಉಂಗುರದ ಬೆರಳು. ಒಂದು ಆಟದಲ್ಲಿ ಹತ್ತು ಸರದಿ, ಸರದಿಗೆ ಸಾಮಾನ್ಯವಾಗಿ ಎರಡು ಎಸೆತ. ಒಂದೇ ಎಸೆತಕ್ಕೆ ಹತ್ತನ್ನೂ ಕೆಡವುವ ಕುಶಲಿಗಳಿಗೆ ಎಸೆತ ಉಳಿಯುತ್ತದೆ; ಹೊಸಬರು ಪೂರ್ತಿ ಎಸೆಯುತ್ತಾರೆ. ಮೂರು ಆಟ ಮುಗಿಯುವಷ್ಟರಲ್ಲಿ ಐವತ್ತಕ್ಕೂ ಮೇಲೆ ಎಸೆತ. ಕಲಿಯದ ಕೈಗೇ ಹೆಚ್ಚು ಎಸೆತ ಎಂಬುದು ಈ ಆಟದ ಒಂದು ವಕ್ರತೆ. ಇಷ್ಟು ಸಲ, ಇಷ್ಟು ಭಾರ, ಇಷ್ಟು ಸಣ್ಣ ಜಾಗದ ಮೇಲೆ ಬೀಳುವಾಗ ತೂತಿನ ಅಂಚು ಒಂದು ನೂಲು ಆಚೀಚೆ ಇದ್ದರೂ ಚರ್ಮಕ್ಕೆ ಗೊತ್ತಾಗದೆ ಇರುವುದಿಲ್ಲ. ಚೆಂಡು ಕೊರೆಯುವವರ ಬೈರಿಗೆಗಳ ಅಳತೆ ಏರುವುದು ಅಂಗುಲದ 64ನೇ ಒಂದು ಪಾಲಿನಂತೆ, ಅಂದರೆ ಅರ್ಧ ಮಿಲಿಮೀಟರಿಗೂ ಕಡಿಮೆ. ಅಷ್ಟು ಸೂಕ್ಷ್ಮದ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ ಎಂದು ಕಂಡುಕೊಂಡೇ ಅವರು ಹಾಗೆ ಮಾಡಿಕೊಂಡಿದ್ದಾರೆ.

ಈಗ ಮಾಲಿನ ಚೆಂಡಿನ ವಿಷಯಕ್ಕೆ ಬರೋಣ. ಪಂದ್ಯಗಳಲ್ಲಿ ಆಡುವವರು ತಮ್ಮದೇ ಚೆಂಡು ಕೊಂಡು, ತಮ್ಮ ಕೈಯ ಅಳತೆ ಕೊಟ್ಟು ತೂತು ಕೊರೆಸಿಕೊಳ್ಳುತ್ತಾರೆ. ಅಂಗಡಿಯಿಂದ ಬರುವಾಗ ಅವರ ಚೆಂಡಿಗೆ ಕಣ್ಣೇ ಇರುವುದಿಲ್ಲ. ಬಾಡಿಗೆಗೆ ಆಡುವವರಿಗೆ ಸಿಗುವುದು ಮೊದಲೇ ಕೊರೆದು ಬಂದದ್ದು. ಅದನ್ನು ಕೊರೆದವರಿಗೆ ಆಡುವ ಕೈ ಯಾರದೆಂದು ಗೊತ್ತಿಲ್ಲ. ಹಗುರ ಚೆಂಡಿಗೆ ಸಣ್ಣ ತೂತು, ಒತ್ತೊತ್ತಾದ ಅಂತರ, ಭಾರದ ಚೆಂಡಿಗೆ ದೊಡ್ಡ ತೂತು, ದೂರದ ಅಂತರ ಎಂಬ ಊಹೆಯೇ ಅವರಿಗೆ ಆಧಾರ. ಹಗುರದ್ದು ಮಕ್ಕಳಿಗೆ, ಭಾರದ್ದು ದಪ್ಪ ಕೈಯ ಗಂಡಸರಿಗೆ ಎಂಬ ಲೆಕ್ಕಾಚಾರ ಅದರ ಹಿಂದಿದೆ. ಕಸುವಿಗೂ ಬೆರಳಿನ ದಪ್ಪಕ್ಕೂ ಹೀಗೆ ಗಂಟು ಹಾಕಿದ್ದರಲ್ಲೇ ತಪ್ಪು ಶುರುವಾಗುತ್ತದೆ. ಗುದ್ದಲಿ ಹಿಡಿದು ಬೆರಳು ದಪ್ಪವಾದ ಯುವಕ ತನಗೆ ಹಿತವಾದ 11 ಪೌಂಡಿನ ಚೆಂಡು ಎತ್ತಿದರೆ ಹೆಬ್ಬೆರಳು ಒಳಗೆ ಹೋಗುವುದಿಲ್ಲ, ಹೋದರೆ ಬರುವುದಿಲ್ಲ. ಬೆರಳಿಗೆ ತಕ್ಕ ತೂತು ಬೇಕೆಂದರೆ 15 ಪೌಂಡ್ ಹೊರಬೇಕು. ತೆಳ್ಳನೆಯ ನೀಳ ಬೆರಳಿನ ಹುಡುಗಿಗೆ ಅಂತರ ಸರಿಹೋಗುವ ಚೆಂಡಿನಲ್ಲಿ ತೂತು ಬಾವಿಯ ಹಾಗಿರುತ್ತದೆ. ಕೈ ದೊಡ್ಡದಾದವರು ಬಳೆಯಂಗಡಿಗೆ ಹೋದಾಗ, ‘ಎರಡು-ಎಂಟರ ಅಳತೆ ಬೇಕಾದರೆ ಆರು ಡಜನ್ ಕೊಳ್ಳಲೇಬೇಕು’ ಎಂದು ಬಳೆಗಾರ ಪಟ್ಟು ಹಿಡಿದಂತೆ ಇದು. ಬಳೆಗಾರ ಹಾಗೆ ಮಾಡುವುದಿಲ್ಲ. ಕೈಯನ್ನು ತನ್ನ ಕೈಯಲ್ಲಿ ಹಿಡಿದು, ನಾಲ್ಕು ಬೆರಳ ಬುಡದ ಗೆಣ್ಣುಗಳನ್ನು ಒತ್ತಿ ನೋಡಿ, ಎರಡಂಗುಲದ ಮೇಲೆ ಹದಿನಾರನೇ ನಾಲ್ಕು ಪಾಲೋ ಆರು ಪಾಲೋ ಎಂದು ನಿರ್ಧರಿಸುತ್ತಾನೆ. ಬಳೆ ಉಳಿಯುವುದು ಮಣಿಕಟ್ಟಿನಲ್ಲಿ, ಆದರೆ ಅಳತೆ ತೆಗೆಯಬೇಕಾದದ್ದು ದಾಟಬೇಕಾದ ಗೆಣ್ಣಿನಲ್ಲಿ ಎಂಬ ತಿಳಿವಳಿಕೆ ಆ ಕಸುಬಿನದು. ಹೆಬ್ಬೆರಳಿನ ತೂತಿನ ಸಮಸ್ಯೆಯೂ ತದ್ವತ್ ಇದೇ: ಗೆಣ್ಣು ದಪ್ಪ, ಬುಡ ತೆಳು. ಗೆಣ್ಣು ಸಲೀಸಾಗಿ ದಾಟಬೇಕು, ದಾಟಿದ ಮೇಲೆ ಬುಡ ಸಡಿಲವಾಗಿ ಅಲ್ಲಾಡಬಾರದು.

ನೋವು ಅಳತೆಯದು ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ ನೋವು ಕಾಣಿಸಿಕೊಳ್ಳುವ ಜಾಗವೇ. ಬರೀ ಬಲಹೀನತೆಯಾಗಿದ್ದರೆ ಇಡೀ ಕೈ ಸೋಲಬೇಕಿತ್ತು. ಮುಂಗೈ, ರಟ್ಟೆ, ಭುಜ ಒಟ್ಟಿಗೆ ದಣಿಯಬೇಕಿತ್ತು. ಹಾಗಾಗದೆ ಒಂದೊಂದು ತಪ್ಪಿಗೂ ಒಂದೊಂದು ಜಾಗದಲ್ಲಿ ಗುರುತು ಬೀಳುತ್ತದೆ. ಹೆಬ್ಬೆರಳಿನ ತೂತು ಸಡಿಲವಾದರೆ ಚೆಂಡು ಜಾರಿಬಿದ್ದೀತೆಂಬ ಭಯಕ್ಕೆ ಹೆಬ್ಬೆರಳು ಒಳಗೇ ಮಡಚಿಕೊಂಡು ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಮಡಚಿದ ಗೆಣ್ಣಿನ ಬೆನ್ನು ತೂತಿನ ಗೋಡೆಗೆ ಉಜ್ಜಿ ಚರ್ಮ ಸುಲಿಯುತ್ತದೆ, ಹೆಬ್ಬೆರಳ ಬುಡದ ದಿಂಡು ಹಿಂಡಿದಂತೆ ನೋಯುತ್ತದೆ. ತೂತು ಬಿಗಿಯಾದರೆ ಕತೆ ಬೇರೆ. ಬಿಡುವ ಹೊತ್ತಿಗೆ ಬೆರಳು ಬರದೆ, ಚೆಂಡು ಅರೆಗಳಿಗೆ ನೇತಾಡಿ ಕಿತ್ತುಕೊಂಡು ಹೋಗುತ್ತದೆ. ಬುಡದ ಚರ್ಮ ಕೆಂಪಾಗಿ ಊದುತ್ತದೆ, ಊದಿದ ಬೆರಳಿಗೆ ಅದೇ ತೂತು ಮುಂದಿನ ಸಲ ಇನ್ನಷ್ಟು ಬಿಗಿ. ಹೆಬ್ಬೆರಳಿನ ತೂತಿಗೂ ಉಳಿದೆರಡಕ್ಕೂ ನಡುವಿನ ಅಂತರ ಹೆಚ್ಚಾದರೆ ಕೈ ಗೇಣಿನಂತೆ ಚಾಚಿಕೊಂಡು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಎಳೆದು ಹಿಡಿದಂತಾಗುತ್ತದೆ. ತೂತಿನ ಅಂಚು ಹೆಬ್ಬೆರಳ ಒಳಮಗ್ಗುಲನ್ನು ಗರಗಸದ ಹಾಗೆ ಉಜ್ಜುತ್ತದೆ. ಅಂತರ ಕಡಿಮೆಯಾದರೆ ಅಂಗೈ ಚೆಂಡಿನಿಂದ ಮೇಲೆದ್ದು ನಿಂತು, ಭಾರವೆಲ್ಲ ಕೊಕ್ಕೆಯಂತೆ ಬಾಗಿದ ಎರಡು ಬೆರಳ ಕೀಲಿನ ಮೇಲೆ. ನಡುಬೆರಳಿಗಿಂತ ಉಂಗುರದ ಬೆರಳು ಗಿಡ್ಡ. ಎರಡಕ್ಕೂ ಒಂದೇ ಅಂತರವಿಟ್ಟು ಕೊರೆದಿದ್ದರೆ ಸೋಲುವುದು ಉಂಗುರದ ಬೆರಳು. ಇನ್ನು ತೂತು ಚೆಂಡಿನ ಒಳಗೆ ಯಾವ ಕಡೆಗೆ ವಾಲಿದೆ ಎನ್ನುವುದೂ ಇದೆ. ಮೇಲಿಂದ ನೋಡಿದರೆ ಏನೂ ತಿಳಿಯದು. ಬಾಯಿ ಸರಿಯಾಗಿದ್ದು ವಾಲು ತಪ್ಪಿದ್ದರೆ ಬೆರಳು ಹೊರಬರುವ ದಿಕ್ಕು ಒಂದು, ತೂತಿನ ದಿಕ್ಕು ಇನ್ನೊಂದು. ಹೀಗೆ ಸುಲಿದ ಚರ್ಮವನ್ನೂ ಕೆಂಪಾದ ಅಂಚನ್ನೂ ಓದಬಲ್ಲ ಅನುಭವಿ, ಚೆಂಡು ನೋಡದೆಯೇ ಅದರ ದೋಷ ಹೇಳಿಬಿಡಬಹುದು. ಸವೆದ ಚಪ್ಪಲಿ ನೋಡಿ ನಡಿಗೆ ಹೇಳುವ ಮೋಚಿಯ ಹಾಗೆ.

ಇದು ಬರೀ ಆಟಗಾರರ ಅನುಭವದ ಮಾತಲ್ಲ, ವೈದ್ಯರ ದಾಖಲೆಯಲ್ಲೂ ಇದೆ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1965ರಲ್ಲಿ ಸೀಗೆಲ್ ಎಂಬ ವೈದ್ಯರು ಬೌಲಿಂಗ್ ಆಡುವವರ ಹೆಬ್ಬೆರಳಿನ ನರದಲ್ಲಿ ಕಂಡ ಗಂಟಿನ ಬಗ್ಗೆ ಬರೆದರು. 1972ರಲ್ಲಿ ಡಾಬಿನ್ಸ್ ಮತ್ತು ಸಂಗಡಿಗರು ಇಂಥ 17 ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರು. ‘ಬೌಲರ್ಸ್ ಥಂಬ್’ ಎಂಬ ಹೆಸರು ಹೀಗೆ ಪಠ್ಯಪುಸ್ತಕ ಸೇರಿತು. ಆಗುವುದು ಇಷ್ಟು: ಹೆಬ್ಬೆರಳಿನ ಎರಡೂ ಮಗ್ಗುಲಲ್ಲಿ ಸ್ಪರ್ಶದ ಸಣ್ಣ ನರಗಳಿವೆ. ತೋರುಬೆರಳಿನ ಕಡೆಗಿರುವ ನರ ಬುಡದ ಬಳಿ ಚರ್ಮದ ಕೆಳಗೇ ಹಾದುಹೋಗುತ್ತದೆ. ತೂತಿನ ಅಂಚು ಒತ್ತುವುದು ಸರಿಯಾಗಿ ಅಲ್ಲೇ. ದಿನವೂ ಒತ್ತಿಸಿಕೊಂಡ ನರದ ಸುತ್ತ ನಾರಿನಂಥ ಪದರ ಬೆಳೆದು ದಪ್ಪಗಾಗುತ್ತದೆ. ಮುಟ್ಟಿದರೆ ಸಣ್ಣ ಕಾಳಿನಂತೆ ಸಿಗಬಹುದು. ಬೆರಳಿಂದ ತಟ್ಟಿದರೆ ಹೆಬ್ಬೆರಳ ತುದಿಯವರೆಗೂ ಜುಮ್ಮೆಂದು ಕರೆಂಟು ಹೊಡೆದಂತಾಗುತ್ತದೆ. ತುದಿಯ ಸ್ಪರ್ಶ ಮಂಕಾಗುತ್ತದೆ. ಚಿಕಿತ್ಸೆ ಮೊದಲು ಶುರುವಾಗುವುದು ಮಾತ್ರೆಯಿಂದಲ್ಲ, ಶಸ್ತ್ರದಿಂದಲ್ಲ. ಆಟಕ್ಕೆ ಬಿಡುವು, ಹೆಬ್ಬೆರಳಿಗೆ ಕವಚ, ಮತ್ತೆ ಮುಖ್ಯವಾಗಿ ಚೆಂಡಿನ ತೂತು ತುಂಬಿಸಿ ಹೊಸದಾಗಿ ಕೊರೆಸುವುದು. ಅಂದರೆ ವೈದ್ಯರ ಚೀಟಿ ಹೋಗುವುದು ಔಷಧದಂಗಡಿಗಲ್ಲ, ಬೈರಿಗೆಯವನ ಬಳಿಗೆ. ಇದಕ್ಕೆಲ್ಲ ಜಗ್ಗದಾಗ ಮಾತ್ರ ಶಸ್ತ್ರಚಿಕಿತ್ಸೆಯ ಯೋಚನೆ. ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು: ಈ ನರದ ತೊಂದರೆ ವರ್ಷಗಟ್ಟಲೆ ಆಡುವವರದು, ಹಬ್ಬಕ್ಕೊಮ್ಮೆ ಮಾಲಿಗೆ ಹೋದವರದಲ್ಲ. ಅವರದು ಬೊಬ್ಬೆ, ಊತ, ಕೀಲುನೋವು. ಕೆಲವು ದಿನಕ್ಕೆ ಇಳಿಯುವಂಥದ್ದು. ಎರಡಕ್ಕೂ ಮೂಲ ಒಂದೇ ಎಂಬುದಷ್ಟೇ ನಮ್ಮ ವಾದಕ್ಕೆ ಬೇಕಾದದ್ದು.

‘ಇದೆಲ್ಲ ನಾಜೂಕಿನ ಮಾತು, ಆಡುತ್ತಾ ಆಡುತ್ತಾ ಕೈ ಒಗ್ಗುತ್ತದೆ’ ಎಂಬ ಆಕ್ಷೇಪ ಖಂಡಿತ ಬರುತ್ತದೆ. ಗುದ್ದಲಿ ಹಿಡಿದ ಕೈ ಒಗ್ಗಲಿಲ್ಲವೆ, ನೇಗಿಲ ಮೇಳಿ ಹಿಡಿದ ಕೈ ಒಗ್ಗಲಿಲ್ಲವೆ? ಒಗ್ಗಿತು, ನಿಜ. ಚರ್ಮ ಪದೇಪದೇ ಉಜ್ಜಿಸಿಕೊಂಡಾಗ ಜಡ್ಡುಗಟ್ಟುವುದು ದೇಹದ ಒಳ್ಳೆಯ ಉಪಾಯವೇ. ಆದರೆ ಒಗ್ಗುವುದು ಚರ್ಮ, ನರವಲ್ಲ. ಮೇಲೆ ಹೇಳಿದ ನರದ ಸುತ್ತಲಿನ ದಪ್ಪ ಪದರವೂ ಒಂದು ಬಗೆಯ ಜಡ್ಡೇ ತಾನೆ? ಒಳಗೆ ಕಟ್ಟಿದ ಜಡ್ಡು, ಕಾಯುವ ಬದಲು ಹಿಸುಕುವ ಜಡ್ಡು. ಗುದ್ದಲಿಯ ಉದಾಹರಣೆಯನ್ನೂ ಸರಿಯಾಗಿ ನೋಡಿದರೆ ಅದು ಆಕ್ಷೇಪದ ಕಡೆಗೆ ನಿಲ್ಲುವುದಿಲ್ಲ. ಹೊಸ ಗುದ್ದಲಿಗೆ ಕಾವು ಹಾಕಿಸುವಾಗ ರೈತ ಸುಮ್ಮನೆ ಹಾಕಿಸಿಕೊಂಡು ಬರುವುದಿಲ್ಲ. ಹಿಡಿದು ನೋಡುತ್ತಾನೆ, ದಪ್ಪವಾಯಿತು ಎನ್ನುತ್ತಾನೆ, ಇನ್ನಷ್ಟು ಕೆತ್ತಿಸುತ್ತಾನೆ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡುತ್ತಾನೆ. ತನ್ನ ಕುಡುಗೋಲನ್ನು ಇನ್ನೊಬ್ಬರಿಗೆ ಕೊಡಲು ಹಿಂದೆಮುಂದೆ ನೋಡುವುದೂ ಬರೀ ಜಿಪುಣತನದಿಂದಲ್ಲ. ಕೈ ಹಿಡಿಗೆ ಒಗ್ಗುವ ಮೊದಲು ಹಿಡಿಯನ್ನು ಕೈಗೆ ಒಗ್ಗಿಸಿರುತ್ತಾರೆ. ಮಾಲಿನ ಚೆಂಡಿನಲ್ಲಿ ಈ ಮೊದಲ ಹೆಜ್ಜೆಯನ್ನೇ ಬಿಟ್ಟು ಎರಡನೆಯದನ್ನು ಕೈಯಿಂದ ಕೇಳುತ್ತಿದ್ದೇವೆ.

ಸರಾಸರಿ ಕೈಗೆ ಕೊರೆದರೆ ಹೆಚ್ಚಿನವರಿಗೆ ಸರಿಹೋಗಬೇಕಲ್ಲ ಎಂದು ಇನ್ನೊಬ್ಬರು ಕೇಳಬಹುದು. ಕೇಳಲು ನ್ಯಾಯವಾಗಿಯೇ ಇದೆ. ಈ ಪ್ರಶ್ನೆಗೆ ಉತ್ತರ ಬಂದದ್ದು ವಿಮಾನದ ಚಾಲಕರಿಂದ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ನಿಂತ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಮೇಲೆ ಆ ಸೀಮೆಯವರಿಗೆ ಕಾಕ್‌ಪಿಟ್ ಎಂಬ ಮಾತು ಅಷ್ಟು ಪರಕೀಯವಲ್ಲ. ಕಾಕ್‌ಪಿಟ್‌ನಲ್ಲಿ ಕೂತವನ ಕೈ ಹಿಡಿಕೆಗೆ, ಕಾಲು ಪೆಡಲಿಗೆ ಎಟುಕದಿದ್ದರೆ ಬರುವುದು ಬೆರಳುನೋವಲ್ಲ, ಅಪಘಾತ. 1950ರ ಸುಮಾರಿಗೆ ಅಮೆರಿಕದ ವಾಯುಪಡೆಯವರು ಇದೇ ಗುಮಾನಿಯಿಂದ ತಮ್ಮ ಚಾಲಕರ ಮೈ ಅಳತೆ ತೆಗೆಸಿದರು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಅಧಿಕಾರಿ 4,063 ಜನರ ಲೆಕ್ಕ ಕೂಡಿಸಿ, ಹತ್ತು ಅಳತೆಗಳ ಸರಾಸರಿ ಕಟ್ಟಿ, ಹತ್ತರಲ್ಲೂ ಸರಾಸರಿಯ ಸುತ್ತಮುತ್ತ ಬೀಳುವವರು ಎಷ್ಟು ಜನವೆಂದು ಹುಡುಕಿದ. ಒಬ್ಬನೂ ಸಿಗಲಿಲ್ಲ. ಎತ್ತರದಲ್ಲಿ ಸರಾಸರಿಯವನ ತೋಳು ಉದ್ದ, ತೋಳು ಸರಾಸರಿಯಾದವನ ಎದೆ ಅಗಲ. ಕುರ್ಚಿಯನ್ನೂ ಪೆಡಲನ್ನೂ ಹಿಂದೆಮುಂದೆ ಸರಿಸುವ ಏರ್ಪಾಡು ಆಮೇಲೆ ಬಂತು. ಚೆಂಡಿನ ಮಟ್ಟಿಗೆ ಹತ್ತು ಅಳತೆ ಬೇಡ. ಮೂರು ಬೆರಳ ದಪ್ಪ, ಎರಡು ಅಂತರ, ಮೂರು ತೂತಿನ ವಾಲು ಹಿಡಿದರೆ ಎಂಟಾಯಿತು. ಎಂಟರಲ್ಲೂ ಸರಾಸರಿಯಾದ ಕೈ ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಸಂಜೆ ಹೊತ್ತು ನಿಂತು ಹುಡುಕಿದರೂ ಸಿಕ್ಕೀತೆಂದು ನಂಬಲಾರೆ. ಅದೇ ತುಮಕೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಇತ್ತು. ಗಡಿಯಾರ ಎಲ್ಲರಿಗೂ ಒಂದೇ ಇರಬಹುದು. ಅದರ ಪಟ್ಟಿಗೆ ಮಾತ್ರ ಸಾಲಾಗಿ ಹಲವು ತೂತು. ಮಣಿಕಟ್ಟು ಒಬ್ಬೊಬ್ಬರದು ಒಂದೊಂದು ಎಂಬುದನ್ನು ಒಪ್ಪಿಕೊಂಡ ವಸ್ತು ಅದು.

ಇದಕ್ಕಿಂತ ಒಳ್ಳೆಯ ಪಾಠ ಕುಣಿಗಲ್ಲಿನಲ್ಲಿದೆ. ಟಿಪ್ಪುವಿನ ಕಾಲದ ಸೈನ್ಯದ ಕುದುರೆಗಳಿಂದ ತನ್ನ ಚರಿತ್ರೆ ಹೇಳಿಕೊಳ್ಳುವ, ಆಮೇಲೆ ಮೈಸೂರು ಅರಸರ ಕೈಯಲ್ಲಿದ್ದ ಅಲ್ಲಿನ ಕುದುರೆ ಫಾರಂ ರೇಸಿನ ಕುದುರೆಗಳಿಗೆ ಹೆಸರಾದದ್ದು. ಕುದುರೆಗೆ ಲಾಳ ಕಟ್ಟುವ ಕಸುಬಿನಲ್ಲಿ ಒಂದು ಹಳೆಯ ಕಟ್ಟಳೆಯಿದೆ: ಗೊರಸಿಗೆ ತಕ್ಕಂತೆ ಲಾಳ ಬಗ್ಗಿಸಬೇಕು, ಲಾಳಕ್ಕೆ ತಕ್ಕಂತೆ ಗೊರಸು ಉಜ್ಜಬಾರದು. ಸಿದ್ಧವಾಗಿ ಬಂದ ಲಾಳ ಚಿಕ್ಕದಾಯಿತೆಂದು ಗೊರಸಿನ ಮುಂದಿನ ಅಂಚನ್ನೇ ಅರದಿಂದ ತಿಕ್ಕಿ ಸರಿಮಾಡುವುದು ಸೋಮಾರಿಯ ಕೆಲಸ, ಗೊತ್ತಿದ್ದವರು ಅದನ್ನು ದೋಷವೆಂದೇ ಎಣಿಸುತ್ತಾರೆ. ಗೊರಸು ಬೆಳೆಯುತ್ತಲೇ ಇರುವುದರಿಂದ ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಹೆರೆದು, ಮತ್ತೆ ಅಳತೆ ನೋಡುತ್ತಾರೆ. ಕುದುರೆ ಬೆಲೆಬಾಳುವ ಪ್ರಾಣಿ, ಕುಂಟಿದರೆ ಲಕ್ಷಗಟ್ಟಲೆ ನಷ್ಟ. ಹಾಗಾಗಿ ಅದರ ಕಾಲಿಗೆ ಈ ಮರ್ಯಾದೆ ಎಂದು ಯಾರಾದರೂ ಅಂದರೆ ಅಲ್ಲಗಳೆಯುವಂತಿಲ್ಲ. ಕುದುರೆಯ ಮಾತಿರಲಿ, ಉಳಿದ ಆಟಗಳೂ ಈ ವಿಷಯದಲ್ಲಿ ಬೌಲಿಂಗಿಗಿಂತ ಮುಂದಿವೆ. ಕ್ರಿಕೆಟ್ಟಿನ ನಿಯಮಪುಸ್ತಕದಲ್ಲಿ ಗಂಡಸರ ಚೆಂಡು 155.9ರಿಂದ 163 ಗ್ರಾಂ, ಹೆಂಗಸರದು 140ರಿಂದ 151 ಗ್ರಾಂ, ಸುತ್ತಳತೆಯೂ ಕಡಿಮೆ. ಹದಿಮೂರರೊಳಗಿನ ಮಕ್ಕಳದು ಇನ್ನೂ ಹಗುರ. ಟೆನ್‌ಪಿನ್‌ನಲ್ಲಿ ಚೆಂಡಿನ ಗಾತ್ರ ಎಲ್ಲರಿಗೂ ಒಂದೇ ಆದ್ದರಿಂದ ಕೈಕೈಗೂ ಬದಲಾಗಬೇಕಾದದ್ದು ತೂತು. ಅದೇ ಬಾಡಿಗೆ ಚೆಂಡಿನಲ್ಲಿ ಬದಲಾಗದೆ ಉಳಿದಿರುವುದು.

ಇಷ್ಟಾದರೂ ಎಲ್ಲವನ್ನೂ ತೂತಿನ ತಲೆಗೆ ಕಟ್ಟುವುದು ಅನ್ಯಾಯವಾಗುತ್ತದೆ. ಹೊಸಬರು ಹೆದರಿಕೆಯಿಂದಲೇ ಚೆಂಡನ್ನು ಹಿಂಡುತ್ತಾರೆ, ಮಣಿಕಟ್ಟು ತಿರುಚಿ ಎಸೆಯುತ್ತಾರೆ, ಗೆಳೆಯರೆದುರು ಮೀಸೆ ತಿರುವಲು ಹೊರಲಾರದ ತೂಕ ಎತ್ತುತ್ತಾರೆ. ಇವು ನೋವಿಗೆ ಕಾರಣಗಳೇ. ಆದರೆ ಹಿಂಡುವ ಚಾಳಿಯನ್ನು ಸ್ವಲ್ಪ ಕೆದಕಿದರೆ ಅಡಿಯಲ್ಲಿ ಮತ್ತೆ ಸಡಿಲ ತೂತೇ ಸಿಗುತ್ತದೆ. ಜಾರುವುದಿಲ್ಲವೆಂಬ ಭರವಸೆ ಇದ್ದ ಕೈ ಹಿಂಡುವುದಿಲ್ಲ. ಪರೀಕ್ಷಿಸುವುದೂ ಸುಲಭ. ಕೈ ಅದೇ, ತೂಕ ಅದೇ, ಚೆಂಡು ಮಾತ್ರ ಬದಲಿಸಿ ನಾಲ್ಕು ಎಸೆತ ಹಾಕಿ ನೋಡಿದರೆ ನೋವಿನ ಜಾಗ ಬದಲಾಗುತ್ತದೋ ಇಲ್ಲವೋ ತಿಳಿಯುತ್ತದೆ. ಬದಲಾದರೆ ತಪ್ಪು ಚೆಂಡಿನದು, ಯಾವ ಚೆಂಡಿಗೂ ಅದೇ ಜಾಗ ನೋಯುತ್ತಿದ್ದರೆ ಎಸೆಯುವ ರೀತಿಯನ್ನು ಅನುಮಾನಿಸಬೇಕು. ಕಾಯಿಲೆಯ ಮಾತು ಬೇರೆ. ಬೆಳಗ್ಗೆ ಏಳುವಾಗ ಎರಡೂ ಕೈಯ ಬೆರಳು ಬಿಗಿದುಕೊಂಡಿರುವುದು, ಮಡಚಿದ ಬೆರಳು ಕೊಕ್ಕೆ ಬಿದ್ದಂತೆ ನಿಂತು ಟಕ್ಕೆಂದು ಬಿಚ್ಚುವುದು, ರಾತ್ರಿ ಹೆಬ್ಬೆರಳಿಂದ ನಡುಬೆರಳವರೆಗೆ ಜೋಮು ಹಿಡಿದು ಎಚ್ಚರವಾಗುವುದು, ಇವು ಆಟಕ್ಕೆ ಮೊದಲೇ ಇದ್ದವೆಂದರೆ ಚೆಂಡನ್ನು ದೂರಿ ಫಲವಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಬೆರಳು ಕೊಕ್ಕೆ ಬೀಳುವುದು ಹೆಚ್ಚು. ಅವರಿಗೆ ಬೆರಳಿನ ಸ್ಪರ್ಶ ಮಂಕಾಗಿದ್ದರೆ ಬೊಬ್ಬೆ ಎದ್ದದ್ದೂ ತಿಳಿಯದೆ ಹುಣ್ಣಾಗುವ ಅಪಾಯ ಇನ್ನೊಂದು. ಆಟ ನಿಲ್ಲಿಸಿ ಎರಡು ಮೂರು ವಾರವಾದರೂ ಜೋಮು ಇಳಿಯದಿದ್ದರೆ, ಬೆರಳು ಪೂರ್ತಿ ಮಡಚಲಾಗದಿದ್ದರೆ, ತೈಲ ತಿಕ್ಕುತ್ತ ಕೂರದೆ ಮೂಳೆ ವೈದ್ಯರಿಗೆ ತೋರಿಸಬೇಕು. ತೋರಿಸುವಾಗ ಆಡಿದ ಆಟದ ಹೆಸರನ್ನೂ ಹೇಳಬೇಕು; ಹೇಳದಿದ್ದರೆ ಅದು ಯಾವ ವೈದ್ಯರಿಗೂ ಹೊಳೆಯಲಾರದು.

ವರ್ಷಕ್ಕೆರಡು ಸಲ ಆಡುವವರು ಚೆಂಡು ಕೊಂಡು ಕೊರೆಸಬೇಕೇ ಎಂಬುದು ಉಳಿದ ಪ್ರಶ್ನೆ. ಬೇಡ. ಆದರೆ ಆರಿಸುವ ಕ್ರಮ ತಿರುಗುಮುರುಗಾಗಬೇಕು. ಎಲ್ಲರೂ ಮೊದಲು ತೂಕ ನೋಡುತ್ತಾರೆ, ಆಮೇಲೆ ಬಣ್ಣ, ತೂತು ಕಡೆಗೆ. ಮೊದಲು ನೋಡಬೇಕಾದದ್ದು ಹೆಬ್ಬೆರಳಿನ ತೂತು: ಬುಡದವರೆಗೂ ಹೋಗಬೇಕು, ತಿರುಗಿಸಿದರೆ ಗೋಡೆ ಮೆಲ್ಲಗೆ ತಾಗುತ್ತಿರಬೇಕು, ಎಳೆದರೆ ತಡೆಯಿಲ್ಲದೆ ಬರಬೇಕು. ಹೆಬ್ಬೆರಳು ಒಳಗಿರುವಾಗಲೇ ಉಳಿದೆರಡು ಬೆರಳನ್ನು ಚೆಂಡಿನ ಮೇಲೆ ಚಾಚಿ ಮಲಗಿಸಿದರೆ, ನಡುಗೆಣ್ಣಿನ ಗೆರೆ ತೂತಿನ ಹತ್ತಿರದ ಅಂಚನ್ನು ಕಾಲಂಗುಲದಷ್ಟು ದಾಟಿರಬೇಕು. ಬಾಡಿಗೆ ಚೆಂಡಿನಲ್ಲಿ ಬೆರಳು ಎರಡನೇ ಗೆಣ್ಣಿನವರೆಗೂ ಒಳಗೆ ಹೋಗುವುದರಿಂದ ಈ ಲೆಕ್ಕ. ನುರಿತವರು ತಮಗೆ ಕೊರೆಸಿಕೊಂಡ ಚೆಂಡಿನಲ್ಲಿ ಮೊದಲ ಗೆಣ್ಣಿನವರೆಗೆ ಮಾತ್ರ ಹಾಕುತ್ತಾರೆ, ಅದನ್ನು ನೋಡಿ ಅನುಕರಿಸಹೋಗಬಾರದು. ತೂತಿನ ಅಂಚಿನ ಸುತ್ತ ಬೆರಳಾಡಿಸಿ ಒರಟು, ಸೀಳು ಇದೆಯೇ ನೋಡಬೇಕು. ಇಷ್ಟೆಲ್ಲ ಸರಿಹೋದ ಚೆಂಡುಗಳಲ್ಲಿ ಹಗುರದ್ದನ್ನು ಎತ್ತಿಕೊಂಡರಾಯಿತು. ಆಡುತ್ತ ಹೋದಂತೆ ಬೆರಳು ಕಾವೇರಿ ಊದುವುದು ಸಹಜ, ಬಿಸಿಲು ಕಾಲದಲ್ಲಿ ಉಂಗುರ ಬಿಗಿಯಾಗುವ ಹಾಗೆ. ಪಂದ್ಯದ ಆಟಗಾರರು ಇದನ್ನು ಬಲ್ಲವರಾದ್ದರಿಂದ ಹೆಬ್ಬೆರಳಿನ ತೂತಿನ ಒಳಗೋಡೆಗೆ ತೆಳು ಟೇಪಿನ ಪದರಗಳನ್ನು ಅಂಟಿಸಿಕೊಂಡು, ಬೆರಳು ಊದಿದಂತೆ ಒಂದೊಂದಾಗಿ ಕಿತ್ತು ಹಾಕುತ್ತಾರೆ. ಬಾಡಿಗೆಯವರಿಗೆ ಆ ಸೌಲಭ್ಯ ಇಲ್ಲದಿದ್ದರೂ ಎರಡನೇ ಆಟಕ್ಕೆ ಚೆಂಡು ಬದಲಿಸುವ ಸ್ವಾತಂತ್ರ್ಯ ಇದ್ದೇ ಇದೆ. ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ಮಾಲಿನ ಮೋಜಿಗೆ ಇಷ್ಟು ಪುಟ ಯಾಕೆ, ದುಡಿಯುವ ಕೈಗಳ ನೋವಿಗೆ ಇಲ್ಲದ ಕನಿಕರ ಆಡುವ ಕೈಗೆ ಯಾಕೆ ಎಂದು ಗೊಣಗುವವರ ಮಾತಿನಲ್ಲಿ ಸತ್ಯವಿದೆ. ತುಮಕೂರು ಜಿಲ್ಲೆ ತೆಂಗು ಅಡಿಕೆಯ ನಾಡು. ಅಡಿಕೆ ಕಾಲ ಬಂದರೆ ಗುಬ್ಬಿಯ ಹಳ್ಳಿಗಳಲ್ಲಿ ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊತ್ತಿಗೆ ಮುಂಚೆ ಸುಲಿಯಲು ಕೂರುತ್ತಾರೆ. ನೆಟ್ಟ ಹಾರೆಗೆ ತೆಂಗಿನಕಾಯಿ ಚುಚ್ಚಿ ತಿರುಚುವ ಕೈಯ ಮಣಿಕಟ್ಟಿಗೆ ದಿನಕ್ಕೆ ಬೀಳುವ ಪೆಟ್ಟಿನ ಮುಂದೆ ಐವತ್ತು ಎಸೆತ ಏನೇನೂ ಅಲ್ಲ. ಆದರೆ ಬೌಲಿಂಗಿನ ಉದಾಹರಣೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ಸುಲಿಯುವ ಕೈ ನೋಯುತ್ತದೆಂದರೆ ಕೆಲಸ ಹೆಚ್ಚಾಯಿತು, ವಯಸ್ಸಾಯಿತು, ಚಳಿ ಎಂದು ಹತ್ತು ಕಾರಣ ಸಿಗುತ್ತವೆ. ಹಿಡಿಕೆಯ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಕಷ್ಟ. ಆಟದಲ್ಲಿ ಕೆಲಸ ಎರಡು ಗಂಟೆಯದು, ಆಡುವವರು ಎಳೆಯರು, ಕೋಣೆ ಏಸಿಯದು. ಬೇರೆ ಕಾರಣಗಳೆಲ್ಲ ಕಳಚಿಕೊಂಡ ಮೇಲೂ ನೋವು ಉಳಿಯುತ್ತದೆ, ತೂತು ಬದಲಿಸಿದರೆ ಹೋಗುತ್ತದೆ. ಹಿಡಿಕೆಯೊಂದೇ ಎಷ್ಟು ನೋಯಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪ್ರಯೋಗ ಸಿಗುವುದು ಅಪರೂಪ. ಹಾಗಾದರೆ ಅಡಿಕೆ ಸುಲಿಯುವ ಯಂತ್ರವನ್ನೋ, ಕಾಯಿ ಸುಲಿಯುವ ಸನ್ನೆಯನ್ನೋ ಹೊಸದಾಗಿ ಮಾಡುವವರು, ಅದರ ಹಿಡಿಯನ್ನು ಯಾರ ಕೈ ಹಿಡಿದು ನೋಡಿ ಮಾಡಿದಿರಿ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ಗಂಡಾಳಿನ ಕೈಗೆಂದು ಎರಕ ಹೊಯ್ದ ಹಿಡಿಯನ್ನು ಹೆಣ್ಣಾಳು ಹಿಡಿದಾಗ ಆಗುವುದು ಸಡಿಲ ತೂತಿನ ಕತೆಯೇ: ಹಿಂಡುವುದು, ಹಿಂಡಿ ಸೋಲುವುದು.

ಬೌಲಿಂಗಿನವರೇ ಇತ್ತೀಚೆಗೆ ಹೆಬ್ಬೆರಳ ತೂತಿನ ತೊಂದರೆಗೆ ಕಂಡುಕೊಂಡ ಇನ್ನೊಂದು ದಾರಿ ಸ್ವಾರಸ್ಯವಾಗಿದೆ. ಆಸ್ಟ್ರೇಲಿಯಾದ ಜೇಸನ್ ಬೆಲ್ಮೊಂಟೆ ಹೆಬ್ಬೆರಳನ್ನು ತೂತಿಗೆ ಹಾಕುವುದೇ ಇಲ್ಲ. ಎರಡು ಬೆರಳು ತೂತಿನಲ್ಲಿ, ಇನ್ನೊಂದು ಕೈ ಚೆಂಡಿನ ಮೇಲೆ. ಎರಡೂ ಕೈಯಿಂದ ಬೀಸಿ ಎಸೆಯುತ್ತಾನೆ. ಮೊದಮೊದಲು ಇದೇನು ಹುಡುಗಾಟ ಎಂದು ನಕ್ಕವರು, ಅವನು ಅಮೆರಿಕದ ವೃತ್ತಿಪರ ಪಂದ್ಯಗಳನ್ನು ಒಂದರಮೇಲೊಂದು ಗೆದ್ದಾಗ ಸುಮ್ಮನಾದರು. ಈಗ ಎಳೆಯರಲ್ಲಿ ಬಹಳ ಮಂದಿ ಹಾಗೇ ಎಸೆಯುತ್ತಾರೆ. ಇದು ಯಾವ ತರಬೇತುದಾರ ಕಲಿಸಿದ ವಿದ್ಯೆಯೂ ಅಲ್ಲ. ನ್ಯೂ ಸೌತ್ ವೇಲ್ಸಿನ ಆರೆಂಜ್ ಎಂಬ ಊರಿನಲ್ಲಿ ಅವನ ತಂದೆತಾಯಿ ಬೌಲಿಂಗ್ ಕೇಂದ್ರ ತೆರೆದಾಗ ಅವನಿನ್ನೂ ನೆಟ್ಟಗೆ ಮಾತು ಬಾರದ ಮಗು. ಚೆಂಡು ಒಂದು ಕೈಗೆ ಎತ್ತಲಾಗದಷ್ಟು ಭಾರ. ಮಗು ತನಗೆ ತೋಚಿದ ಹಾಗೆ ಎರಡೂ ಕೈ ಹಾಕಿ ಉರುಳಿಸಿತು, ದೊಡ್ಡವನಾದ ಮೇಲೂ ಬಿಡಲಿಲ್ಲ.